ಹರೀಶನ ಪಾಲು

ಕಡಿಯಾಳಿಯಲ್ಲಿ ನಮ್ಮ ಮನೆಯ ಹತ್ತಿರ ಒಂದು ಸಣ್ಣ ಸಭಾಭವನ ಉಂಟು. ಉಪನಯನ, ಸೀಮಂತ, ಷಷ್ಟ್ಯಬ್ದಿ ಎಂದು ಆಗಾಗ ಅಲ್ಲಿಗೆ ಹೋಗಿ ಊಟದ ಪಂಕ್ತಿಯಲ್ಲಿ ಕುಳಿತುಕೊಳ್ಳುವ ನಾನು, ಸಾರು ಬರುವವರೆಗೆ ಮಾಡಲು ಬೇರೆ ಕೆಲಸವಿಲ್ಲದೆ, ತಲೆ ಎತ್ತಿ ಫ್ಯಾನುಗಳನ್ನು ಓದುತ್ತೇನೆ. ಹೌದು, ನಮ್ಮಲ್ಲಿ ಫ್ಯಾನುಗಳನ್ನು ಓದಲಿಕ್ಕೆ ಬರುತ್ತದೆ. ಒಂದು ರೆಕ್ಕೆಯ ಮೇಲೆ ತೀರಿಹೋದವರ ಹೆಸರು, ಇನ್ನೊಂದರ ಮೇಲೆ ‘ಸ್ಮರಣಾರ್ಥ’, ಮತ್ತೊಂದರ ಮೇಲೆ ಕೊಟ್ಟ ಮಕ್ಕಳ ಹೆಸರು. ಮಕ್ಕಳ ಹೆಸರಿನ ಅಕ್ಷರ ತುಸು ದಪ್ಪವಿರುವುದೂ ಉಂಟು. ಫ್ಯಾನು ತಿರುಗುತ್ತಿರುವಾಗ ಗಾಳಿ ಬರುತ್ತದೆ, ಹೆಸರು ಕಾಣುವುದಿಲ್ಲ. ಕರೆಂಟು ಹೋದೊಡನೆ ಗಾಳಿ ನಿಲ್ಲುತ್ತದೆ, ಹೆಸರು ಕಾಣುತ್ತದೆ. ಸೆಖೆಯಲ್ಲಿ ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತಾ ಗುರುತಿಲ್ಲದ ಯಾರದೋ ತಂದೆಯವರನ್ನು ಸ್ಮರಿಸುವ ಭಾಗ್ಯ ನಮ್ಮ ಊರಿನವರಿಗಲ್ಲದೆ ಮತ್ತೆ ಯಾರಿಗುಂಟು, ಹೇಳಿ.

ಗೇಲಿ ಮಾಡುತ್ತಿದ್ದೇನೆಂದು ತಿಳಿಯಬೇಡಿ. ನನಗೆ ಈ ಕ್ರಮ ಇಷ್ಟವೇ. ಸತ್ತವರ ಹೆಸರಿನಲ್ಲಿ ಬದುಕಿದವರಿಗೆ ಒಂದಿಷ್ಟು ಗಾಳಿ, ಒಂದು ಕುರ್ಚಿ, ಕುಡಿಯಲು ಒಂದು ಲೋಟ ತಣ್ಣೀರು ಸಿಗುವುದಾದರೆ ಅದರಲ್ಲಿ ತಪ್ಪೇನುಂಟು? ನನ್ನ ಅತ್ತೆಯವರ ಹೆಸರು ಒಂದು ಶಾಲೆಯ ನೀರಿನ ಫಿಲ್ಟರಿನ ಮೇಲೆ ಉಂಟು; ಬದುಕಿದ್ದಾಗ ಯಾರನ್ನೂ ಬಾಯಾರಿಸಿ ಕಳುಹಿಸದವರು, ಈಗಲೂ ಕಳುಹಿಸುತ್ತಿಲ್ಲ. ಆದರೆ ಇದೆಲ್ಲ ಒಂದೊಂದು ಮನೆಯವರು ತಮ್ಮ ತಮ್ಮವರನ್ನು ನೆನೆಯುವ ರೀತಿ. ಒಂದು ಊರಿಗೆ ಊರೇ, ಒಂದು ನಗರವೇ, ತನ್ನದಲ್ಲದ ಮನೆಯ ಸಾವನ್ನು ನೆನೆಯಬೇಕಾಗಿ ಬಂದರೆ ಹೇಗೆ ನೆನೆಯಬೇಕು? ನಾನಂತೂ ಅದನ್ನು ಯೋಚಿಸಿದವಳಲ್ಲ. ಯೋಚಿಸುವ ಹಾಗೆ ಮಾಡಿದವರು ಪದ್ಮನಾಭಣ್ಣ.

ಪದ್ಮನಾಭಣ್ಣನವರಿಗೆ ಆದಿ ಉಡುಪಿಯಲ್ಲಿ ತೆಂಗಿನಕಾಯಿಯ ಸಗಟು ವ್ಯಾಪಾರ. ನಮ್ಮ ಮನೆಯವರ ಸಹಪಾಠಿ. ಊರಿನಲ್ಲಿ ಏನೇ ಸಮಿತಿ ಹುಟ್ಟಿದರೂ ಅದಕ್ಕೆ ಅವರೇ ಅಧ್ಯಕ್ಷರು. ಯಾಕೆಂದರೆ ಉಳಿದವರು ಮಾತಾಡುತ್ತಾರೆ, ಇವರು ಮಾಡುತ್ತಾರೆ. ಒಂದು ದಿನ ಬಂದು ಜಗಲಿಯಲ್ಲಿ ಕುಳಿತು, “ಟೀಚರೇ, ನೀವು ನಾಲ್ಕು ಸಾಲು ಬರೆದು ಕೊಡಬೇಕು. ಕಲ್ಲಿನಲ್ಲಿ ಕೆತ್ತಿಸಲಿಕ್ಕೆ. ಒಳ್ಳೆ ಗಟ್ಟಿ ಕನ್ನಡ ಬೇಕು” ಅಂದರು. ಎರ್ಮಾಳಿನ ದೋಣಿ ದುರಂತದಲ್ಲಿ ಹೋದವರಿಗೆ ಉಡುಪಿಯ ನಾಗರಿಕರ ಪರವಾಗಿ ಕಾಪುವಿನ ಕಡಲ ತೀರದಲ್ಲಿ ಒಂದು ಸ್ಮಾರಕ ಆಗುತ್ತದಂತೆ. ಜೀವಮಾನವಿಡೀ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳಿಗೆ ಗಟ್ಟಿ ಕನ್ನಡ ಬೇಕೆಂದು ಒಬ್ಬರು ಕೇಳಿಕೊಂಡು ಬಂದರೆ ಆಗುವ ಸಂತೋಷ ನಿಮಗೆ ಗೊತ್ತಲ್ಲ. ಆಗಲಿ ಎಂದೆ.

ಆ ದುರಂತದ ಕತೆ ಹೇಳಲು ಹೆಚ್ಚಿಲ್ಲ. ಮಳೆಗಾಲದಲ್ಲಿ ದೊಡ್ಡ ಬೋಟುಗಳು ಬಂದರಿನಲ್ಲಿ ಕಟ್ಟಿಕೊಂಡಿರುವಾಗ ಕಡಲಿಗೆ ಇಳಿಯುವುದು ನಾಡದೋಣಿಗಳು ಮಾತ್ರ. ಎರ್ಮಾಳಿನ ಅಂಥದೊಂದು ದೋಣಿ, ಬಲೆ ಎಳೆದುಕೊಂಡು ದಡಕ್ಕೆ ಮರಳುತ್ತಿದ್ದಾಗ, ಮನೆಯವರು ನಿಂತು ನೋಡುತ್ತಿದ್ದ ಹಾಗೆಯೇ ತೆರೆಗೆ ಅಡ್ಡ ಸಿಕ್ಕಿ ಮಗುಚಿತು. ಕೆಲವರು ಈಜಿ ಬಂದರು. ಐದು ಮಂದಿ ಬರಲಿಲ್ಲ. ನಾಲ್ವರ ದೇಹಗಳನ್ನು ಕಡಲು ಒಂದೊಂದಾಗಿ ಆಚೀಚಿನ ದಡಗಳಿಗೆ ತಂದು ಹಾಕಿತು. ಹರೀಶನನ್ನು ತರಲಿಲ್ಲ.

ಹರೀಶ ನನ್ನ ಶಿಷ್ಯ. ಕಾಪುವಿನ ಕಡೆ ನಾನು ಕಲಿಸುತ್ತಿದ್ದಾಗ ಹಿಂದಿನ ಬೆಂಚಿನಲ್ಲಿ ಕೂತು ಕಿಟಕಿಯ ಹೊರಗೆ ನೋಡುತ್ತಿದ್ದವನು. ಒಮ್ಮೆ ಸಮುದ್ರದ ಮೇಲೆ ಪ್ರಬಂಧ ಬರೆಯಲು ಹೇಳಿದಾಗ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದ. ಯಾಕೆಂದು ಗದರಿದರೆ, “ಎಂತ ಬರೆಯುವುದು ಟೀಚರ್, ಅದು ಮನೆಯ ಎದುರೇ ಉಂಟಲ್ಲ” ಅಂದ. ತರಗತಿಗೆ ತರಗತಿಯೇ ನಕ್ಕಿತು, ನಾನೂ ನಕ್ಕೆ. ಈಗ ಅವನ ಹೆಸರನ್ನು ನಾನು ಕಲ್ಲಿಗೆ ಬರೆದುಕೊಡಬೇಕು.

ದೋಣಿ ಮಗುಚಿದ ಆ ವಾರ ಉಡುಪಿ ದುಃಖಿಸಿತು, ಸುಳ್ಳು ಹೇಳಬಾರದು. ಸರ್ಕಲುಗಳಲ್ಲಿ ಫ್ಲೆಕ್ಸ್ ಎದ್ದವು, ಮಣಿಪಾಲದ ಹುಡುಗ ಹುಡುಗಿಯರು ಮೊಂಬತ್ತಿ ಹಿಡಿದು ಮಳೆಯಲ್ಲೇ ನಡೆದರು, ನನ್ನ ಮೊಬೈಲಿನಲ್ಲಿರುವವರೆಲ್ಲ ಐವರ ಫೋಟೋವನ್ನು ಸ್ಟೇಟಸ್ಸಿಗೆ ಹಾಕಿದರು. ಆಮೇಲೆ ಅಷ್ಟಮಿ ಬಂತು, ಹುಲಿವೇಷ ಬಂತು, ಫ್ಲೆಕ್ಸುಗಳು ಬದಲಾದವು. ನನಗೆ ಅದರ ಮೇಲೆ ಸಿಟ್ಟಿಲ್ಲ. ಊರು ಅಂದ ಮೇಲೆ ಹಾಲು ಬರಬೇಕು, ಬಸ್ಸು ಓಡಬೇಕು, ಹುಲಿ ಕುಣಿಯಬೇಕು. ಆದರೆ ಪದ್ಮನಾಭಣ್ಣನವರಂಥ ಕೆಲವರಿಗೆ ಅದು ಮನಸ್ಸಿನಲ್ಲಿ ಚುಚ್ಚುತ್ತಾ ಇತ್ತು. “ನಾವು ದಿನಾ ಅವರು ತಂದ ಮೀನು ತಿಂದವರು ಟೀಚರೇ, ಒಂದು ಕಲ್ಲಾದರೂ ಬೇಡವಾ?” ಎಂದು ಅವರು ಕೇಳಿದಾಗ, ಮೀನು ತಿನ್ನದ ನನಗೂ ಬೇಡ ಅನ್ನಲು ಬಾಯಿ ಬರಲಿಲ್ಲ. ಎರ್ಮಾಳಿನಲ್ಲೇ ಮಾಡಬಹುದಲ್ಲ, ಕಾಪುವಿನಲ್ಲಿ ಯಾಕೆ ಎಂದರೆ, ಅಲ್ಲಿ ದೀಪಸ್ತಂಭ ನೋಡಲು ನಾಲ್ಕು ಜನ ಬರುತ್ತಾರೆ, ಪಾರ್ಕಿಂಗ್ ಉಂಟು ಎಂದರು. ಸತ್ತವರಿಗೂ ಪಾರ್ಕಿಂಗಿಗೂ ಎಂತ ಸಂಬಂಧ ಮಾರಾಯರೇ ಎಂದು ನಾನು ಕೇಳಲಿಲ್ಲ. ಆಗ ಇನ್ನೂ ನನ್ನ ತಲೆಯಲ್ಲಿ ಗಟ್ಟಿ ಕನ್ನಡ ಓಡುತ್ತಿತ್ತು.

ಕಲ್ಲು ನೋಡಲು ಕಾರ್ಕಳಕ್ಕೆ ಹೋದೆವು. ಶಿಲ್ಪಿಯ ಅಂಗಳದಲ್ಲಿ ಅರ್ಧ ಮೂಡಿದ ದೇವರುಗಳ ನಡುವೆ ನಮ್ಮ ಕಲ್ಲು ಮಲಗಿತ್ತು: ಕಪ್ಪಗೆ, ನುಣ್ಣಗೆ, ಮುಖ ನೋಡಿಕೊಳ್ಳುವಷ್ಟು ಹೊಳಪು. ಆ ಊರಿಗೆ ಹೋದಾಗಲೆಲ್ಲ ನನಗೆ ಒಂದು ಬಗೆಯ ಅಧೈರ್ಯ ಬರುತ್ತದೆ. ಅಲ್ಲಿ ಬೆಟ್ಟದ ಮೇಲೆ ಶತಮಾನಗಳಿಂದ ಬಿಸಿಲು ಮಳೆಗೆ ಬತ್ತಲೆ ನಿಂತ ಮೂರ್ತಿಯ ಎದುರು ನಮ್ಮ ಮಾತೆಲ್ಲ ತೀರಾ ಅವಸರದ್ದು ಅನ್ನಿಸುತ್ತದೆ. ಕಾಗದಕ್ಕೆ ಬರೆದದ್ದನ್ನು ಹರಿಯಬಹುದು, ಕರಿಹಲಗೆಗೆ ಬರೆದದ್ದನ್ನು ಒರೆಸಬಹುದು. ನಾನು ಆ ಎರಡನ್ನೇ ನಂಬಿ ಬದುಕಿದವಳು. ಕಲ್ಲಿಗೆ ಬರೆಯುವವರು ತಾವು ಹೇಳುತ್ತಿರುವುದು ಮೊಮ್ಮಕ್ಕಳ ಕಾಲಕ್ಕೂ ನಿಜವಾಗಿರುತ್ತದೆಂದು ಖಚಿತ ಮಾಡಿಕೊಂಡಿರಬೇಕು. ಆದರೂ ನಾನು ಚೀಲದಿಂದ ಹಾಳೆ ತೆಗೆದು ‘ಜಲಧಿಯ ಮಡಿಲಲ್ಲಿ ಚಿರನಿದ್ರೆಗೈದ ಕಡಲ ಕುವರರಿಗೆ’ ಎಂದು ಓದಿದೆ. ಪದ್ಮನಾಭಣ್ಣ ತಲೆದೂಗಿದರು. ಶಿಲ್ಪಿ ಅಳತೆ ನೋಡಿ, ಸಾಲು ಉದ್ದವಾಯಿತು ಅಂದ.

ಅದಾದ ಮೇಲೆ ಆಮಂತ್ರಣ ಪತ್ರಿಕೆ ಅಚ್ಚಾಯಿತು. ಮೊದಲ ಪ್ರತಿಗಳನ್ನು ಐವರ ಮನೆಗಳಿಗೆ ನಾವೇ ಹೋಗಿ ಕೊಡಬೇಕೆಂದು ಪದ್ಮನಾಭಣ್ಣ ಹಟ ಹಿಡಿದರು. ಅದು ಅವರ ಸಜ್ಜನಿಕೆ. ಹಾಗೆ ನಾವಿಬ್ಬರೂ ಎರ್ಮಾಳಿಗೆ ಹೊರಟೆವು. ಮೊದಲು ಹೋದದ್ದು ಹರೀಶನ ತಾಯಿ ಸುಂದರಿಯಕ್ಕನ ಮನೆಗೆ. ಕಾಪು ಪೇಟೆಯಲ್ಲಿ ಬುಟ್ಟಿ ಇಟ್ಟು ಮೀನು ಮಾರುತ್ತಿದ್ದವರು, ಮಗನ ಶಾಲೆಗೆ ಬಂದಾಗಲೂ ಸ್ವರ ತಗ್ಗಿಸದೆ ಮಾತಾಡುತ್ತಿದ್ದವರು. ಅವರ ಮಾತು ತುಳುವಿನಲ್ಲೇ. ನಿಮಗಾಗಿ ಕನ್ನಡಕ್ಕೆ ತರುತ್ತಿದ್ದೇನೆ. ನಮ್ಮನ್ನು ಕೂರಿಸಿದರು, ನೀರು ಕೊಟ್ಟರು, ಪದ್ಮನಾಭಣ್ಣ ಎರಡೂ ಕೈಯಲ್ಲಿ ಹಿಡಿದುಕೊಟ್ಟ ಲಕೋಟೆಯನ್ನು ಸೆರಗಿಗೆ ಕೈ ಒರೆಸಿ ತೆಗೆದುಕೊಂಡರು. ತೆಗೆದುಕೊಂಡವರು ಅದರ ಮೂಲೆಗಳನ್ನೇ ನೋಡುತ್ತಾ ನಿಂತರು.

ನಾಲ್ಕು ಮೂಲೆಗೂ ಅರಸಿನ ಹಚ್ಚಿತ್ತು.

“ಯಾರಿಗೆ ಮದುವೆ ಟೀಚರೇ?” ಎಂದರು ಸುಂದರಿಯಕ್ಕ.

ನಮ್ಮ ಕಡೆ ಆಮಂತ್ರಣವೆಂದರೆ ಅರಸಿನ; ಕೈ ತಾನಾಗಿಯೇ ಹೋಗುತ್ತದೆ. ಪದ್ಮನಾಭಣ್ಣನವರ ಮನೆಯಲ್ಲಿ ಲಕೋಟೆಗಳನ್ನು ಕಟ್ಟು ಕಟ್ಟಾಗಿ ಇಟ್ಟಾಗ ಹೆಂಗಸರು ಇಷ್ಟು ವರ್ಷ ಮಾಡಿದ್ದನ್ನೇ ಮಾಡಿದ್ದರು. ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಪದ್ಮನಾಭಣ್ಣ ತಡವರಿಸುತ್ತಾ, “ಮದುವೆ ಅಲ್ಲ ಅಕ್ಕ, ಸ್ಮಾರಕದ್ದು, ಹರೀಶನ ಹೆಸರು ಸಹ ಉಂಟು” ಅಂದರು. ಸುಂದರಿಯಕ್ಕ ಕಾಗದ ತೆಗೆದು ಒಂದೊಂದೇ ಅಕ್ಷರ ಕೂಡಿಸಿ ಓದಿದರು. ಐದು ಹೆಸರು, ಐದಕ್ಕೂ ಮುಂದೆ ‘ದಿ.’ ಎಂದಿತ್ತು. ಓದಿ ಮುಗಿಸಿ ಅದನ್ನು ಮಡಚಿ ಲಕೋಟೆಯೊಳಗೆ ಹಾಕಿ ಪದ್ಮನಾಭಣ್ಣನವರ ಕೈಗೆ ತಿರುಗಿ ಕೊಟ್ಟರು.

“ಅರಸಿನ ಹಚ್ಚಿಕೊಂಡು ಬಂದು ನನ್ನ ಮಗ ಸತ್ತ ಅಂತ ಹೇಳ್ತೀರಲ್ಲ ಅಣ್ಣ. ನಾನು ಅವನಿಗೆ ಇನ್ನೂ ಎಲೆ ಹಾಕಲಿಲ್ಲ. ತಾಯಿ ಎಲೆ ಹಾಕುವ ಮೊದಲು ನೀವು ಕಲ್ಲು ಹಾಕುವುದಾ?”

ಇದನ್ನು ತಿಳಿಯದವರಿಗೆ ಹೇಳಬೇಕು. ಇಲ್ಲಿಯ ಮನೆಗಳಲ್ಲಿ ಯಾರಾದರೂ ತೀರಿಕೊಂಡರೆ ಬೊಜ್ಜ ಎಂದು ಉತ್ತರಕ್ರಿಯೆ ಆಗುತ್ತದೆ. ಒಳಗಿನ ಕೋಣೆಯಲ್ಲಿ ಬಾಳೆಲೆ ಹಾಕಿ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಅಂದಿನಿಂದ ಅವರು ಹಿರಿಯರ ಸಾಲಿಗೆ ಸೇರಿದವರು. ವರ್ಷಕ್ಕೊಮ್ಮೆ ಎಲೆಗೆ ಬರುವವರು, ದಿನದ ಬಟ್ಟಲಿಗೆ ಬರುವವರಲ್ಲ. ಉಳಿದ ನಾಲ್ಕು ಮನೆಗಳಲ್ಲಿ ಅದೆಲ್ಲ ಮುಗಿದಿತ್ತು. ಸುಂದರಿಯಕ್ಕನ ಮನೆಯಲ್ಲಿ ಹರೀಶನ ಸ್ಟೀಲಿನ ಬಟ್ಟಲು ಇನ್ನೂ ಉಳಿದವರ ಬಟ್ಟಲುಗಳೊಂದಿಗೆ ಕವುಚಿಕೊಂಡಿತ್ತು. ಅದು ಅಲ್ಲಿರುವಷ್ಟು ದಿನ ಅವನಿಗೆ ‘ದಿ.’ ಎಂದು ಬರೆಯುವ ಅಧಿಕಾರ ಉಡುಪಿಯ ಯಾವ ಸಮಿತಿಗೂ ಇರಲಿಲ್ಲ.

ಉಳಿದ ಮನೆಗಳಿಗೆ ಅಂದು ನಾವು ಹೋಗಲಿಲ್ಲ. ಹಿಂದಿರುಗುವಾಗ ಪದ್ಮನಾಭಣ್ಣ ಕಾರು ನಿಲ್ಲಿಸಿ, ಲಕೋಟೆಯ ಮೂಲೆಗಳನ್ನು ಹೆಬ್ಬೆರಳಿನಿಂದ ಉಜ್ಜತೊಡಗಿದರು. ಅರಸಿನ ಹೋಗುವ ವಸ್ತುವೇ? ಹರಡಿತು ಅಷ್ಟೆ. “ಒಳ್ಳೆಯದು ಮಾಡಲಿಕ್ಕೆ ಹೋದದ್ದಲ್ವಾ ಟೀಚರೇ” ಎಂದರು. ಅವರ ಕಣ್ಣು ತುಂಬಿತ್ತು. ನನ್ನ ಚೀಲದಲ್ಲಿದ್ದ ಚಿರನಿದ್ರೆಯ ಸಾಲು ನೆನಪಾಗಿ ಮೈ ಉರಿಯುತ್ತಿತ್ತು. ನಿದ್ರೆಯಂತೆ, ಮಡಿಲಂತೆ! ತೆರೆಯಲ್ಲಿ ಸಿಕ್ಕಿ ನೀರು ಕುಡಿದವನಿಗೆ ಎಂಥ ಮಡಿಲು?

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಸ್ಮಾರಕ ಮಾಡುವ ಅವಸರ ಯಾರಿಗೆ? ಆತ್ಮೀಯರೇ, ನೀವೂ ಸ್ವಲ್ಪ ಯೋಚಿಸಿ. ದುರಂತವೆಂಬುದು ಊರಿನ ಎದೆಯ ಮೇಲೆ ಒಂದು ಭಾರ. ಅದನ್ನು ಎಲ್ಲಾದರೂ ಇಳಿಸಬೇಕು. ಕಲ್ಲಿನ ಮೇಲೆ ಇಳಿಸಿ, ಹೂ ಹಾಕಿ, ಗಣ್ಯರಿಂದ ನಾಲ್ಕು ಮಾತು ಹೇಳಿಸಿ, ಫೋಟೋ ತೆಗೆಸಿ, ಬಂದವರಿಗೆ ಗೋಳಿಬಜೆ, ಕಾಫಿ ಕೊಟ್ಟು ಮನೆಗೆ ಬಂದರೆ ಭಾರ ಇಳಿಯಿತು. ಮರೆಯಬಾರದೆಂದು ಕಲ್ಲು ನಿಲ್ಲಿಸುತ್ತೇವೆ, ನಿಲ್ಲಿಸಿದ ಮೇಲೆ ನೆನಪಿಡುವ ಕೆಲಸವನ್ನು ಅದಕ್ಕೇ ವಹಿಸಿ ನಿಶ್ಚಿಂತರಾಗುತ್ತೇವೆ. ನಮ್ಮ ಪೇಟೆಗಳಲ್ಲಿ ಎಷ್ಟು ಸ್ತಂಭ, ಎಷ್ಟು ಫಲಕ! ಅವುಗಳ ಕಟ್ಟೆಯ ಮೇಲೆ ಕೂತು ಬಸ್ಸು ಕಾಯುವ ನಾವು ಹಿಂದೆ ತಿರುಗಿ ಎಂದಾದರೂ ಓದಿದ್ದುಂಟೇ? ನಾನು ಓದಿಲ್ಲ. ಫ್ಯಾನು ಓದುವವಳು ನಾನು, ಫಲಕ ಓದಿಲ್ಲ.

ಆದರೂ ಮೇಷ್ಟರ ಬುದ್ಧಿ ಬಿಡುತ್ತದೆಯೇ? ಒಂದು ಉಪಾಯ ಹೊಳೆಯಿತು. ನಾಲ್ಕು ಹೆಸರು ಕೆತ್ತಿ ಐದನೆಯ ಸಾಲನ್ನು ಖಾಲಿ ಬಿಟ್ಟರೆ ಹೇಗೆ? ಖಾಲಿ ಜಾಗವೇ ಮಾತಾಡುತ್ತದೆ, ಎಷ್ಟು ಅರ್ಥಗರ್ಭಿತ ಎಂದೆಲ್ಲ ನನಗೆ ನಾನೇ ಶಾಭಾಸ್ ಹೇಳಿಕೊಂಡು, ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಎರ್ಮಾಳಿಗೆ ಹೋದೆ. ಸುಂದರಿಯಕ್ಕ ಅಂಗಳ ಗುಡಿಸುತ್ತಿದ್ದರು. ಪೂರ್ತಿ ಕೇಳಿಸಿಕೊಂಡರು.

“ಅದು ಇನ್ನೂ ಕೆಟ್ಟದ್ದು” ಅಂದರು. “ಬಂದವರೆಲ್ಲ ಆ ಖಾಲಿ ಜಾಗವನ್ನೇ ನೋಡ್ತಾರೆ. ಅವನಿಗೆ ಸಾಯಲಿಕ್ಕೆ ಬಸ್ಸಿನಲ್ಲಿ ಸೀಟು ಹಿಡಿದಿಟ್ಟ ಹಾಗೆ ಆಗ್ತದೆ.”

ನನ್ನ ಅರ್ಥಗರ್ಭವೆಲ್ಲ ಅಲ್ಲೇ ಇಳಿದುಹೋಯಿತು. ನನ್ನನ್ನು ನೋಡಿ ಅವರಿಗೇ ಕನಿಕರ ಬಂತೋ ಏನೋ, ಹಿಡಿಸೂಡಿ ಮೂಲೆಗಿಟ್ಟು ಹತ್ತಿರ ಬಂದರು. “ನನ್ನ ಮಂಡೆ ಸರಿ ಉಂಟು ಟೀಚರೇ. ಕಡಲು ಎಂಥದ್ದು ಅಂತ ನನಗೆ ಗೊತ್ತಿಲ್ವಾ? ನನ್ನ ಮಾವನನ್ನು ಕೊಂಡುಹೋದದ್ದೂ ಅದೇ. ಆದರೆ ಎಲೆ ಹಾಕಬೇಕಾದ ಕೈ ನನ್ನದು. ಅದು ಏಳಬೇಕಲ್ಲ. ಇವತ್ತು ಏಳ್ತದೆ, ನಾಳೆ ಏಳ್ತದೆ ಅಂತ ನಾನೇ ನೋಡ್ತಾ ಇದ್ದೇನೆ. ಏಳುವುದಿಲ್ಲ.”

ಅಷ್ಟರಲ್ಲಿ ಕಡಲ ಕಡೆಯಿಂದ ಕೂಗು ಕೇಳಿತು. ಕೈರಂಪಣಿ ಎಳೆಯುತ್ತಾರೆ, ಬನ್ನಿ ಎಂದು ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟರು. ಕೈರಂಪಣಿಯೆಂದರೆ ದೋಣಿಯಲ್ಲಿ ಬಲೆಯನ್ನು ಕಡಲಿಗೆ ಕೊಂಡುಹೋಗಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಅದರ ಎರಡು ಹಗ್ಗಗಳನ್ನು ದಡದಲ್ಲಿ ನಿಂತ ಜನ ಎರಡು ಸಾಲಾಗಿ ಎಳೆಯುವ ಮೀನುಗಾರಿಕೆ. ಎಷ್ಟು ಕೈ ಇದ್ದರೂ ಅದಕ್ಕೆ ಸಾಲದು. ಮುದುಕರು, ಹೆಂಗಸರು, ಆ ದಾರಿಯಲ್ಲಿ ಹೋಗುವವರು ಎಲ್ಲರೂ ಹಿಡಿಯುತ್ತಾರೆ. ಸುಂದರಿಯಕ್ಕ ಹಿಡಿದರು, ನಾನೂ ಸೀರೆ ಎತ್ತಿ ಸಿಕ್ಕಿಸಿ ಅವರ ಹಿಂದೆ ಹಿಡಿದೆ. ಒದ್ದೆ ಹಗ್ಗ ಅಂಗೈಯನ್ನು ಸುಲಿಯಿತು. ಮುಂದಿನವರು ಎಳೆದಾಗ ಎಳೆಯಬೇಕು, ಬಿಟ್ಟಾಗ ಬಿಡಬೇಕು; ನಾನು ಬಿಡುವಾಗ ಎಳೆದು ಎಳೆಯುವಾಗ ಬಿಟ್ಟು ಎಲ್ಲರೆದುರು ನಗೆಪಾಟಲಾದೆ.

ಬಲೆ ಮರಳಿಗೆ ಬಂತು. ಬೂತಾಯಿ ಮೀನು ರಾಶಿ ಬಿತ್ತು. ಪಾಲು ಹಾಕಿದವರು ಶೀನ ತಾಂಡೇಲರು. ತಾಂಡೇಲರೆಂದರೆ ಆ ಬಲೆಗೆ ಯಜಮಾನಿಕೆ ಮಾಡುವವರು. ಮಗುಚಿದ ದೋಣಿಯಲ್ಲಿ ಅವರ ಮಗನೂ ಹೋದವನು. ದೋಣಿಗೆ ಇಷ್ಟು, ಬಲೆಗೆ ಇಷ್ಟು ಎಂದು ತೆಗೆದ ಮೇಲೆ ಎಳೆದವರ ಹೆಸರು ಹಿಡಿದು ಕರೆಯುತ್ತಾ ಒಂದೊಂದು ಗುಪ್ಪೆ ಮಾಡುತ್ತಾ ಬಂದರು. ಅವರು ಕರೆಯುತ್ತಾ ಹೋದ ಹೆಸರುಗಳ ನಡುವೆ, ಸ್ವರ ಏರಿಸದೆ, ಇಳಿಸದೆ, “ಹರೀಶ” ಅಂದರು.

ಸುಂದರಿಯಕ್ಕ ಬುಟ್ಟಿ ಮುಂದಿಟ್ಟರು. ತಾಂಡೇಲರು ಮೀನು ಸುರಿದರು. ಮುಂದಿನ ಹೆಸರು ಕರೆದರು.

ಯಾರೂ ತಲೆ ತಗ್ಗಿಸಲಿಲ್ಲ, ಯಾರೂ ಮೌನ ಆಚರಿಸಲಿಲ್ಲ. ಪಕ್ಕದವರನ್ನು ಮೆಲ್ಲಗೆ ವಿಚಾರಿಸಿದೆ. ಹೋದವರ ಮನೆಗಳಿಗೆಲ್ಲ ಪಾಲು ಉಂಟಂತೆ. ಬೊಜ್ಜ ಆದ ಮನೆಗಳಲ್ಲಿ ಹೆಂಡತಿಯ ಹೆಸರಿಗೋ ಅಣ್ಣನ ಹೆಸರಿಗೋ ಕರೆಯುತ್ತಾರೆ, ಹರೀಶನದು ಹರೀಶನ ಹೆಸರಿಗೇ. ಮೊದಲ ಬಲೆಯ ದಿನ ತಾಂಡೇಲರು ಹಾಗೆ ಕರೆದರು, ಆಮೇಲೆ ಅದೇ ನಡೆದುಬಂತು. ಯಾವ ಸಭೆಯೂ ಸೇರಿ ನಿರ್ಣಯ ಮಾಡಿದ್ದಲ್ಲ.

ನಾನು ಕಣ್ಣು ಒರೆಸಿಕೊಳ್ಳಲು ಸೆರಗು ಎತ್ತಿದ್ದೆ, ಆಗ “ಟೀಚರ್” ಎಂದು ಕರೆದರು. ನನ್ನ ಪಾಲು! ಕಡಿಯಾಳಿಯ ಮಡಿಮೈಲಿಗೆಯ ಮನೆಯವಳು ನಾನು, ಎರಡು ಕೈಯಲ್ಲಿ ಬೂತಾಯಿ ಹಿಡಿದು ಹೇಗೆ ಬಸ್ಸು ಹತ್ತಲಿ? ಬೇಡ ಬೇಡ ಎಂದರೆ ತಾಂಡೇಲರು ಒಪ್ಪಲಿಲ್ಲ. “ಹಗ್ಗ ಮುಟ್ಟಿದ ಮೇಲೆ ಪಾಲು ಬೇಡ ಅನ್ನುವ ಹಾಗಿಲ್ಲ. ತಿನ್ನುವುದು ಬಿಡುವುದು ನಿಮ್ಮ ಮನೆಯ ವಿಷಯ.” ಕೊನೆಗೆ ನನ್ನ ಪಾಲನ್ನು ಸುಂದರಿಯಕ್ಕನ ಬುಟ್ಟಿಗೆ ಸುರಿದೆ. ಅವರು ಅದನ್ನು ಬುಟ್ಟಿಯ ಬದಿಗೆ ಸರಿಸಿಟ್ಟುಕೊಂಡರು, ಮಗನ ಪಾಲಿನೊಂದಿಗೆ ಬೆರೆಸಲಿಲ್ಲ.

ಬಸ್ಸಿನಲ್ಲಿ ಉಡುಪಿಗೆ ಬರುವಾಗ ಕೈಯ ಮೀನಿನ ವಾಸನೆಗೆ ಪಕ್ಕದ ಸೀಟಿನಾಕೆ ಎದ್ದು ಬೇರೆ ಕಡೆ ಕೂತರು. ನಾನು ಒಬ್ಬಳೇ ಅಷ್ಟಗಲ ಕುಳಿತು ಯೋಚಿಸಿದೆ. ನಮ್ಮ ನಗರ ಮಾಡಹೊರಟ ಸ್ಮಾರಕದಲ್ಲಿ ಹರೀಶನ ಹೆಸರು ಒಮ್ಮೆ ಉದ್ಘಾಟನೆಯ ದಿನ ಧ್ವನಿವರ್ಧಕದಲ್ಲಿ ಕೇಳುತ್ತಿತ್ತು, ಮತ್ತೆ ಕಲ್ಲಿನಲ್ಲಿ ಸುಮ್ಮನಿರುತ್ತಿತ್ತು. ಎರ್ಮಾಳಿನಲ್ಲಿ ಬಲೆ ಬಿದ್ದ ದಿನವೆಲ್ಲ ಅದನ್ನು ಒಬ್ಬರು ಬಾಯಿಬಿಟ್ಟು ಕರೆಯುತ್ತಾರೆ, ಇನ್ನೊಬ್ಬರು ಬುಟ್ಟಿ ಮುಂದಿಡುತ್ತಾರೆ. ಆ ಊರು ತನಗೆ ಅನುಕೂಲವಾದಾಗ ಮಾತ್ರ ನೆನೆಯುತ್ತಿಲ್ಲ. ಆ ತಾಯಿಗೆ ಬೇಕಾದಷ್ಟು ದಿನ, ಬೇಕಾದ ರೀತಿಯಲ್ಲಿ, ಅವಳ ಜೊತೆಗೆ ನಿಂತಿದೆ. ಮಗ ಇದ್ದಾನೆ ಎಂದು ಸುಳ್ಳು ಹೇಳುತ್ತಿಲ್ಲ, ಸತ್ತ ಎಂದು ಒತ್ತಾಯಿಸುತ್ತಲೂ ಇಲ್ಲ. ಇದನ್ನು ಕಾರ್ಕಳದ ಯಾವ ಉಳಿಯಿಂದ ಕೆತ್ತಿಸಲಿ ಎಂದು ನನಗೆ ಅಳು ಬಂತು. ಬಂದದ್ದನ್ನು ತಡೆಯಲಿಲ್ಲ.

ಸಮಿತಿಯ ಸಭೆ ಆದಿ ಉಡುಪಿಯಲ್ಲಿ ಪದ್ಮನಾಭಣ್ಣನವರ ಅಂಗಡಿಯ ಮಾಳಿಗೆಯಲ್ಲಿ, ಕಾಯಿಯ ಗೋಣಿಗಳ ನಡುವೆ ನಡೆಯಿತು. ನಾನು ನಡೆದದ್ದನ್ನು ನಡೆದ ಹಾಗೆ ಹೇಳಿದೆ, ಆ ತಾಯಿ ಒಪ್ಪುವವರೆಗೆ ನಿಲ್ಲಿಸೋಣ ಎಂದೆ. ಗದ್ದಲವಾಯಿತು. ಮುಖ್ಯ ಅತಿಥಿಗಳ ದಿನ ನಿಗದಿಯಾಗಿದೆ ಎಂದರು ಒಬ್ಬರು. ಒಬ್ಬರ ಮನೆಯ ಸೂಕ್ಷ್ಮಕ್ಕಾಗಿ ನಾಲ್ಕು ಮನೆಯವರಿಗೆ ಅನ್ಯಾಯ ಮಾಡುವುದೇ ಎಂದರು ಇನ್ನೊಬ್ಬರು. ಈ ಎರಡನೆಯ ಮಾತು ನನ್ನನ್ನು ಕಟ್ಟಿಹಾಕಿತು, ಯಾಕೆಂದರೆ ಅದರಲ್ಲಿ ನ್ಯಾಯವಿತ್ತು. ನೆನೆಯಲು ಒಂದು ಜಾಗ ಬೇಕೆಂದು ಆ ನಾಲ್ಕು ಮನೆಯವರಿಗೂ ಅನ್ನಿಸಿರಬಹುದಲ್ಲ? ಒಬ್ಬಳ ಕಾಯುವಿಕೆಗೆ ಉಳಿದವರ ನೆನಪನ್ನು ಒತ್ತೆ ಇಡಲು ನಾನು ಯಾರು?

ಆ ಮನೆಗಳ ಪರವಾಗಿ ಶೀನ ತಾಂಡೇಲರು ಬಂದಿದ್ದರು. ಬಂದಾಗಿನಿಂದ ಕುರ್ಚಿಯ ಅಂಚಿನಲ್ಲೇ ಕೂತಿದ್ದರು. ಪದ್ಮನಾಭಣ್ಣ ಅವರ ಕಡೆ ತಿರುಗಿ, “ನೀವು ಹೇಳಿ ತಾಂಡೇಲರೇ. ನಿಮ್ಮ ಮಗನ ಹೆಸರಿನ ವಿಷಯ” ಅಂದರು.

“ಒಂದೇ ದೋಣಿಯಲ್ಲಿ ಹೋದವರು” ಅಂದರು ತಾಂಡೇಲರು. “ನಾಲ್ವರನ್ನು ಇಳಿಸಿ ಒಬ್ಬನನ್ನು ಕಡಲಿನಲ್ಲಿ ಬಿಟ್ಟು ದೋಣಿ ಮೇಲೆ ಎಳೆಯುವ ಕ್ರಮ ನಮ್ಮಲ್ಲಿ ಇಲ್ಲ. ಸುಂದರಿ ಹೇಳಲಿ. ಆಮೇಲೆ ನನ್ನ ಮಗನದ್ದು ಕೆತ್ತಿ.”

“ಅವರು ಹೇಳದೆಯೇ ಹೋದರೆ?” ಎಂದು ಯಾರೋ ಕೇಳಿದರು.

“ಹೇಳದಿದ್ದರೆ ಇಲ್ಲ.”

ಅಷ್ಟೇ. ಉಳಿದ ಮೂರು ಮನೆಯವರದ್ದೂ ಅದೇ ಮಾತು ಎಂದು ಸೇರಿಸಿದರು. ಇಷ್ಟು ಸಲೀಸಾಗಿ ಒಂದು ಕಗ್ಗಂಟು ಬಿಚ್ಚಿದ್ದನ್ನು ನಾನು ನೋಡಿಲ್ಲ. ಪದ್ಮನಾಭಣ್ಣ ಅಲ್ಲಿಂದಲೇ ಕಾರ್ಕಳಕ್ಕೆ ಫೋನು ಮಾಡಿ ಉಳಿ ಮುಟ್ಟಿಸಬೇಡ ಎಂದರು. ಎಷ್ಟು ದಿನ ಎಂದು ಆ ಕಡೆಯವನು ಕೇಳಿರಬೇಕು. “ಗೊತ್ತಿಲ್ಲ ಮಾರಾಯ, ಇರಲಿ ಅಲ್ಲೇ” ಎಂದರು. ಆದರೆ ಅವರ ಕೈ ಸುಮ್ಮನಿರುವ ಕೈಯಲ್ಲವಲ್ಲ. ಕಡಲಿಗಿಳಿಯುವವರಿಗೆ ಇನ್ನೆಂತಾದರೂ ಬೇಕಾ ಎಂದು ತಾಂಡೇಲರನ್ನು ಕೇಳಿದರು. ತಾಂಡೇಲರು, ಹುಡುಗರಿಗೆ ಒಳ್ಳೆಯ ಲೈಫ್ ಜಾಕೆಟ್ ಆದರೆ ಆಗಬಹುದು ಎಂದರು. ಮುಂದಿನ ಮಳೆಗಾಲಕ್ಕೆ ಮೊದಲೇ ಅವು ಎರ್ಮಾಳಿಗೆ ಹೋದವು. ಅವುಗಳ ಬೆನ್ನಿಗೆ ಸಮಿತಿಯ ಹೆಸರು ಹಾಕಿಸುವ ಎಂದು ಒಬ್ಬರು ಹೇಳಿದಾಗ ಪದ್ಮನಾಭಣ್ಣ ಅವರನ್ನು ನೋಡಿದ ನೋಟಕ್ಕೆ ಅವರು ಕಾಫಿ ಲೋಟದೊಳಗೆ ಮುಖ ಹಾಕಿದರು.

ನಗರವೊಂದು ತನ್ನವರಲ್ಲದ ಸತ್ತವರಿಗೆ ಏನು ಮಾಡಬೇಕೆಂದು ಈಗಲೂ ನನ್ನನ್ನು ಕೇಳಿದರೆ ನಾನು ಪಟ್ಟಾಗಿ ಹೇಳಲಾರೆ. ಕಲ್ಲು ಬೇಡವೆಂದು ನಾನು ಹೇಳುವುದಿಲ್ಲ. ಕೆಲವರಿಗೆ ಕೈಯಿಂದ ಮುಟ್ಟಲು ಒಂದು ಹೆಸರು ಬೇಕಾಗುತ್ತದೆ. ಆದರೆ ದುಃಖ ಯಾರ ಮನೆಯದೋ ಆ ಮನೆಯ ಗಡಿಯಾರಕ್ಕೆ ಊರಿನ ಗಡಿಯಾರವನ್ನು ತಿರುಗಿಸಿ ಇಡಬೇಕು, ತನ್ನ ಗಡಿಯಾರ ತೋರಿಸಿ ಹೊತ್ತಾಯಿತೆನ್ನಬಾರದು. ಬದುಕಿರುವವರು ಮುಳುಗದ ಹಾಗೆ ಏನಾದರೂ ಮಾಡಬೇಕು. ಮಾಡಿ ಸುಮ್ಮನಿರಬೇಕು. ಸುಮ್ಮನಿರುವುದು ನಮ್ಮ ಊರಿಗೆ ಎಷ್ಟು ಕಷ್ಟವೆಂದು ನಮ್ಮ ಸಭಾಭವನಕ್ಕೆ ಬಂದು ನೋಡಿದವರಿಗೆ ಗೊತ್ತು.

ಸಭೆಯ ನಿರ್ಧಾರ ತಿಳಿಸಲು ಎರ್ಮಾಳಿಗೆ ಹೋದಾಗ ಸುಂದರಿಯಕ್ಕ ಹಿತ್ತಲಿನಲ್ಲಿ ಕತ್ತಿಮಣೆಯ ಮೇಲೆ ಕೂತು ಮೀನು ಹೆಚ್ಚುತ್ತಿದ್ದರು. ಕಲ್ಲು ಕಾರ್ಕಳದಲ್ಲೇ ಇರುತ್ತದೆ, ಯಾರ ಹೆಸರೂ ಕೆತ್ತುವುದಿಲ್ಲ, ನೀವು ಹೇಳುವವರೆಗೆ ಎಲ್ಲರೂ ಕಾಯುತ್ತಾರೆ ಎಂದೆ. ಅವರ ಕೈ ನಿಂತಿತು.

“ಉಡುಪಿಯವರಾ? ಕಾಯ್ತಾರಾ?”

“ಕಾಯ್ತಾರೆ.”

“ನಾನು ವರ್ಷಗಟ್ಟಲೆ ಹೇಳದಿದ್ದರೆ?”

“ಆದರೂ.”

ಅವರು ನನ್ನ ಮುಖವನ್ನೇ ನೋಡಿದರು, ತರಗತಿಯಲ್ಲಿ ನಾನು ಮಕ್ಕಳ ಸುಳ್ಳು ಹಿಡಿಯಲು ನೋಡುತ್ತಿದ್ದ ಹಾಗೆ. ಆಮೇಲೆ ಮೀನಿನ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡು ಮತ್ತೆ ಹೆಚ್ಚತೊಡಗಿದರು. ದುರಂತದ ನಂತರ ಅವರ ಮುಖದಲ್ಲಿ ನಗುವನ್ನು ನಾನು ಕಂಡದ್ದು ಅದೇ ಮೊದಲು.

“ಕಾಯಲಿ ಟೀಚರೇ” ಅಂದರು. “ಕಾಯುವುದು ಅಂದರೆ ಎಂತ ಅಂತ ಅವರಿಗೂ ಸ್ವಲ್ಪ ಗೊತ್ತಾಗಲಿ.”